ಮಾರೇಶನ ಟವಲ್

ಲೇ ಹುಲುಗೇಶ,

ನೀನು ಹೋದ ಊರಿಗೆ ಅಂಚೆಯಿಲ್ಲ. ಆದರೂ ವರದಿ ಒಪ್ಪಿಸುವುದು ಗೆಳೆಯನಾದ ನನ್ನ ಪವಿತ್ರ ಕರ್ತವ್ಯ.

ನಿನ್ನ ತಮ್ಮ ಮಾರೇಶ ಚರ್ಚಿಗೆ ಸೇರಿ ದೀಕ್ಷಾಸ್ನಾನ ಪಡೆದಾಗ ನೀನು ಅವನನ್ನು ಮನೆಗೆ ಸೇರಿಸದೆ ಗುಡುಗಿದ್ದೆ: "ನೀರಾಗ ಮುಳುಗಿದ್ರ ಬುದ್ಧಿ ತೊಳೀತೈತೇನಲೇ? ಬಸ್ಸಿನ್ಯಾಗ ಒಬ್ರಿಗೆ ಸೀಟು ಬಿಟ್ಟುಕೊಡ್ಲಿ, ಅವತ್ತು ಊಟಕ್ಕ ಕರೀತೀನಿ!" ಬಸ್ಸಿನ ಕಿಟಕಿಯೊಳಗೆ ಟವಲ್ ಎಸೆದು ಸೀಟು ಹಿಡಿಯುವುದರಲ್ಲಿ ಅವನು ಚಕ್ರವರ್ತಿಯಲ್ಲವೇ!

ನಿನ್ನೆ ಕೊಟ್ಟೂರಿನಲ್ಲಿ ಕೂಡ್ಲಿಗಿ ಬಸ್ಸಿಗೆ ಆ ಟವಲ್ ಮತ್ತೆ ಹಾರಿತು. ದೇವರು ಬದಲಾದರೂ ಗುರಿ ಬದಲಾಗಿಲ್ಲವೆಂದು ನಾನೂ ನಕ್ಕೆ. ಅಷ್ಟರಲ್ಲಿ ಅವನು ಒಳಗೆ ನುಗ್ಗಿ, ಅದೇ ಟವಲಿನಿಂದ ಸೀಟು ಒರೆಸಿ, ಜನರ ನಡುವೆ ಸಿಕ್ಕಿಕೊಂಡಿದ್ದ ನಿನ್ನ ಹೆಂಡತಿ ಅಂಜಿನಕ್ಕನನ್ನು ಕೂಗಿದ: "ಅತ್ತಿಗಿ, ಬರ್ರಿ, ಕುಂದರ್ರಿ. ಮೊಣಕಾಲು ನೋಯ್ತಾವ ನಿಮಗ." ಕೂಡ್ಲಿಗಿಯವರೆಗೂ ನಿಂತೇ ಬಂದ, ಒಂದು ಉಪದೇಶವೂ ಇಲ್ಲದೆ.

ಇಳಿದ ಮೇಲೆ ಅಂಜಿನಕ್ಕ, "ನಡಿ ಮನಿಗಿ. ನಿಮ್ಮಣ್ಣನ ಮಾತು ನಾನರ ನಡಸ್ತೀನಿ" ಎಂದಳು. ನನ್ನನ್ನೂ ಕರೆದಳು. ರೊಟ್ಟಿ ಬಡಿಸಿ, ಅವನಿಗೆ ನಿನ್ನ ಮಣೆ ಹಾಕಿದಳು. ಮಾರೇಶ ಕೂರಲಿಲ್ಲ. ಮಣೆಯ ಮೇಲೆ ಟವಲ್ ಹಾಕಿ, "ಇದು ಅಣ್ಣಂದು" ಎಂದು ಪಕ್ಕದ ನೆಲದ ಮೇಲೆ ಕುಳಿತ.

ನಿನಗೆಂದು ಸೀಟು ಹಿಡಿದಿಟ್ಟಿದ್ದಾನೆ ಲೇ. ಬರಬಹುದಿತ್ತು ನೀನು.