ಗಂಟೆ ಹೊಡೆದಾಗ ಅರ್ಧಕ್ಕೆ ನಿಂತ ಸಾಲು

ಕುಷ್ಟಗಿ
12 ಜುಲೈ 2024, ಶುಕ್ರವಾರ

ಪ್ರೀತಿಯ ಸುಮಂಗಲಾ,

ಕುತ್ತಿಗೆ ನೋವು ಹೇಗಿದೆ? ಬಗ್ಗಿ ಬರೆದು ಬರೆದು ಬಲಗಡೆ ಹಿಡಿದುಕೊಂಡಿದೆ ಎಂದಿದ್ದೆಯಲ್ಲ, ಬಿಸಿನೀರಿನ ಶಾಖ ಕೊಟ್ಟುಕೊಂಡೆಯೋ ಇಲ್ಲವೋ? ಧಾರವಾಡದ ಹಾಸ್ಟೆಲಿನಲ್ಲಿ ಎರಡು ಹೊತ್ತೂ ಅನ್ನವೇ ಎಂದು ಕೇಳಿದ ಮೇಲೆ ಅವ್ವನಿಗೆ ಸಮಾಧಾನವಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಾಳೆ, ಈ ಪತ್ರದ ಜೊತೆಗೇ ಬರುತ್ತದೆ. ಮಗಳು ಆರಾಮಾಗಿದ್ದಾಳೆ. ಮುಂದಿನ ಹಲ್ಲು ಬಿದ್ದಿದೆ. ಅವಳು 'ಸಾಲಿ' ಎಂದರೆ ನಮಗೆ 'ಥಾಲಿ' ಎಂದು ಕೇಳಿಸುತ್ತದೆ, ನಕ್ಕರೆ ಸಿಟ್ಟು ಮಾಡಿಕೊಂಡು ಅಡುಗೆಮನೆ ಸೇರುತ್ತಾಳೆ.

ಸೋಮವಾರದಿಂದ ನೀನು ಫೋನು ಎತ್ತುತ್ತಿಲ್ಲ. ಅದಕ್ಕೇ ಪತ್ರ. ಅವತ್ತು ನೀನು ಅಳುತ್ತಾ "ನನ್ನ ಕೈಲೆ ಆಗೂದಿಲ್ಲರೀ, ಊರಿಗೆ ಬಂದ್ಬಿಡ್ತೀನಿ" ಎಂದೆ. ನಾನು "ಬಾ, ಅದಕ್ಕೇನಂತ" ಎಂದೆ. ನೀನು ಫೋನು ಇಟ್ಟೆ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂಬುದು ಇವತ್ತಿಗೂ ತಿಳಿದಿಲ್ಲ. ನಿನಗೆ ಹಗುರಾಗಲಿ ಎಂದು ಆಡಿದ ಮಾತು ಅದು. ಅವ್ವನಿಗೆ ಹೇಳಿದರೆ, "ಬಾ ಅಂದ್ಯಾ? ಆಕಿಗೆ ಬ್ಯಾಡ ಅನ್ನಾಂವ ಒಬ್ಬ ಬೇಕಾಗಿತ್ತಪಾ" ಎಂದು ಬೈದಳು. ನಿನ್ನ ತಮ್ಮ ದ್ಯಾಮಣ್ಣನಿಗೆ ಹೇಳಿದರೆ, "ಅಳಾಕಿಗೆ ಬರಬ್ಯಾಡ ಅಂತಾರೇನ್ ಮಾವಾ? ಛಲೋ ಮಾಡೀರಿ ಬಿಡ್ರಿ" ಎಂದ. ಇಬ್ಬರೂ ನಿನ್ನನ್ನು ಬಲ್ಲವರು. ಇಬ್ಬರಲ್ಲಿ ಯಾರನ್ನು ನಂಬಲಿ?

ಹೋದ ಸಲದ ಶಿಕ್ಷಕರ ನೇಮಕಾತಿ ಪರೀಕ್ಷೆ ನನಗೂ ನೆನಪಿದೆ. ಮೊದಲ ಪ್ರಬಂಧದ ಪೀಠಿಕೆಯೇ ಮೂರು ಪುಟ ಬೆಳೆದು, ಎರಡನೆಯದು ಶುರುವಾಗುವ ಹೊತ್ತಿಗೆ ಗಂಟೆ ಹೊಡೆದಿತ್ತು. ಮೂರನೆಯದಕ್ಕೆ ಬಿಟ್ಟ ಹಾಳೆ ಬಿಳಿಯಾಗಿಯೇ ಉಳಿಯಿತು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಈ ಸಲ ಅದರ ತಿರುವುಮುರುವು ಅನ್ನುತ್ತೀ. ಗಡಿಯಾರ ಕಂಡರೆ ಪೆನ್ನೇ ಏಳುವುದಿಲ್ಲ ಅನ್ನುತ್ತೀ. ವಯಸ್ಸಿನ ಮಿತಿಯ ಪ್ರಕಾರ ಶಿಕ್ಷಕಿಯಾಗಲು ನಿನಗೆ ಇದೇ ಕೊನೆಯ ಅವಕಾಶ ಎನ್ನುವುದೂ ಗೊತ್ತು. ಆದರೆ ಪ್ರಬಂಧವೆಂದರೆ ನನಗೇನು ಗೊತ್ತು? ಹತ್ತಿದವರಿಗೆ ಟಿಕೆಟ್ ಕೊಡುವ ಕಂಡಕ್ಟರ್ ನಾನು. ಹಾಗಾಗಿ ಬಸ್ಸಿನಲ್ಲೇ ಕೇಳಿದೆ.

ಮಂಗಳವಾರ ಗಂಗಾವತಿ ಬಸ್ಸಿನಲ್ಲಿ ಗುರುಬಸವ ಮಾಸ್ತರರು ಕೂತಿದ್ದರು. ಕನ್ನಡ ಕಲಿಸಿ ನಿವೃತ್ತರಾದವರು. ನಿನ್ನ ತೊಂದರೆ ಹೇಳಿದೆ. "ಮೊದಲ ಹತ್ತು ನಿಮಿಷ ಪೆನ್ನು ಮುಟ್ಟಬಾರದು ತಮ್ಮಾ. ವಿಷಯ ಎರಡು ಸಲ ಓದಬೇಕು. ಹೇಳೂದೇನೈತಿ ಅದನ್ನ ಬದಿಗೆ ಗುರ್ತು ಹಾಕ್ಕೋಬೇಕು. ಆಮ್ಯಾಲ ಬರೀಬೇಕು" ಎಂದರು. ಛಲೋ ಅನ್ನಿಸಿತು. ಆಗ ಹಿಂದಿನ ಸೀಟಿನಿಂದ ಕಾಲೇಜಿನ ಲೆಕ್ಚರರ್ ಮುಮ್ತಾಜಬೇಗಂ ಅವರು, "ಹತ್ತು ನಿಮಿಷ ಸುಮ್ಮನ ಕುಂತ್ರ ಎದಿ ಹೊಡಕೋತೈತ್ರಿ ಸರ್. ಅಂಜೋರು ಮೊದಲ ಬರಿಯಾಕ ಹತ್ತಬೇಕು. ಪೀಠಿಕಿ ಕಡೀಗೆ ಬರದ್ರೂ ನಡೀತೈತಿ, ನಾಕು ಸಾಲು ಜಾಗ ಬಿಟ್ಟಿದ್ರಾತು" ಎಂದರು. ಮಾಸ್ತರರಿಗೆ ಸಿಟ್ಟೇ ಬಂತು. ತಲೆಯಿಲ್ಲದೆ ದೇಹ ಹುಟ್ಟುತ್ತದೆಯೇ ಎಂದು ಇವರು, ಉಸಿರಿಲ್ಲದೆ ತಲೆ ಏನು ಮಾಡುತ್ತದೆ ಎಂದು ಅವರು. ನಡುವೆ ನಿಂತು ಇಬ್ಬರಿಗೂ ತಲೆಯಾಡಿಸುತ್ತಾ ಇದ್ದೆ. ತಾವರಗೇರಾದಲ್ಲಿ ಇಳಿಯಬೇಕಿದ್ದ ಹೊಳಿಯಮ್ಮ ಎಂಬ ಮುದುಕಿ ಊರು ದಾಟಿ ಮುಂದಕ್ಕೆ ಬಂದುಬಿಟ್ಟಳು. "ಏ ಕಂಡಕ್ಟರಪ್ಪಾ, ನಿನ್ನ ಪ್ರಬಂಧದಾಗ ನನ್ನೂರು ಹೋತಲ್ಲೋ!" ಎಂದು ಕೂಗಿದಾಗ ಸೀಟಿ ಊದಿದೆ. ಎದುರಿಗೆ ಬಂದ ಬಸ್ಸು ನಿಲ್ಲಿಸಿ ಹತ್ತಿಸಿ ಕಳಿಸಿದೆ. ಇಡೀ ಬಸ್ಸು ನಗುತ್ತಿತ್ತು.

ಇಬ್ಬರ ಮಾತನ್ನೂ ನಿನಗೆ ಬರೆದರೆ ನೀನು ಇನ್ನಷ್ಟು ಗೊಂದಲಕ್ಕೆ ಬೀಳುತ್ತೀ ಎನಿಸಿತು. ನಾನೇ ಬರೆದು ನೋಡೋಣವೆಂದು ಬುಧವಾರ ಗಂಗಾವತಿಯಲ್ಲಿ ಬಸ್ಸು ನಿಂತಾಗ ಹಿಂದಿನ ಸೀಟಿನಲ್ಲಿ ಕೂತೆ. ಮುಮ್ತಾಜಬೇಗಂ ಅವರೇ 'ಗ್ರಾಮೀಣ ಸಾರಿಗೆ ಮತ್ತು ಮಹಿಳೆ' ಎಂಬ ವಿಷಯ ಕೊಟ್ಟಿದ್ದರು. ನನ್ನದೇ ಕಸುಬು, ಇದರ ಮೇಲೆ ದಿನವಿಡೀ ಮಾತಾಡುವವನು ನಾನು ಎಂದುಕೊಂಡು ಫೋನಿನಲ್ಲಿ ಅರ್ಧ ತಾಸಿಗೆ ಗಂಟೆ ಇಟ್ಟೆ. ಮಾಸ್ತರರು ಹೇಳಿದಂತೆ ಗುರುತು ಹಾಕಹೋದರೆ ಹದಿನೈದು ಸಂಗತಿ ನೆನಪಾದವು, ಯಾವುದನ್ನೂ ಬಿಡಲು ಮನಸ್ಸಾಗಲಿಲ್ಲ. ಬಿಡುವುದು ಯಾವುದು ಎಂದು ಯೋಚಿಸುತ್ತಲೇ ಅರ್ಧ ಹೊತ್ತು ಹೋಯಿತು. ಗಾಬರಿಯಾಗಿ ಎಲ್ಲ ಬಿಟ್ಟು ಹೊಳಿಯಮ್ಮನ ಬಗ್ಗೆ ಬರೆಯತೊಡಗಿದೆ. ಸರಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಮೇಲೆ ಆಕೆ ವಾರವಾರ ಕುಷ್ಟಗಿಯ ಆಸ್ಪತ್ರೆಗೆ ಬಂದು ಮೊಣಕಾಲು ತೋರಿಸುತ್ತಾಳೆ, ಮೊದಲೆಲ್ಲ ಮಗನ ಕೈಯಲ್ಲಿ ರೊಕ್ಕ ಬರಲಿ ಎಂದು ನೋವು ನುಂಗಿಕೊಂಡು ಇರುತ್ತಿದ್ದಳು, ಹೀಗೆ. "ಹೊಳಿಯಮ್ಮ ಬಾಗಿಲಿನ ಸರಳು ಹಿಡಿದು ಒಂದು ಕಾಲು ಮೇಲಿಟ್ಟಾಗ" ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಆಕೆ ಅಲ್ಲೇ ನಿಂತಿದ್ದಾಳೆ. ಆ ಸಾಲು ಮುಗಿಸಲೇಬೇಕು ಎಂದು ಎಷ್ಟು ಸಂಕಟವಾಯಿತೆಂದರೆ, ಡ್ರೈವರ್ ಗೋವಿಂದರಾಜ ಬಂದು "ಯಾಕ್ ಹನಮೇಶಾ, ಮಾರಿ ಬಾಡೇತಲ್ಲ" ಎಂದು ಕೇಳಿದ. ನೀನು ಪರೀಕ್ಷೆ ಮುಗಿಸಿ ಬಂದಾಗಲೆಲ್ಲ ನಾನು "ಗೊತ್ತಿದ್ದದ್ದ ಬರಿಬೇಕಪಾ, ಅಷ್ಟ" ಎನ್ನುತ್ತಿದ್ದೆನಲ್ಲ, ಅದು ಎಂಥ ದಡ್ಡ ಮಾತು ಎಂದು ಅವತ್ತು ತಿಳಿಯಿತು.

ನಿನ್ನೆ ಆ ಹಾಳೆಯನ್ನು ಇಬ್ಬರಿಗೂ ತೋರಿಸಿದೆ. ಮಾಸ್ತರರು, "ಪೀಠಿಕಿನ ಇಲ್ಲ" ಎಂದರು. ಮುಮ್ತಾಜಬೇಗಂ ಅವರು, "ಜೀವ ಐತಿ, ಮುಕ್ತಾಯ ಇಲ್ಲ" ಎಂದರು. ಮತ್ತೆ ಜಗಳವಾಗುತ್ತದೆ ಎಂದುಕೊಂಡೆ, ಆಗಲಿಲ್ಲ. ಒಂದು ಮಾತಿಗೆ ಇಬ್ಬರೂ ಕೂಡಿದರು. ಪ್ರತಿ ಪ್ರಶ್ನೆಗೂ ಅದರದೇ ಹೊತ್ತು ಮೊದಲೇ ಹಂಚಿಡಬೇಕು. ಆ ಹೊತ್ತು ಮುಗಿದರೆ ಸಾಲು ಎಲ್ಲಿದೆಯೋ ಅಲ್ಲೇ ಬಿಟ್ಟು, ಕೆಳಗೆ ಒಂದಿಷ್ಟು ಜಾಗ ಉಳಿಸಿ, ಮುಂದಿನದಕ್ಕೆ ಹೋಗಬೇಕು. ಅರ್ಧ ಬರೆದ ಮೂರು ಉತ್ತರಕ್ಕೆ ಅಂಕ ಬೀಳುತ್ತವಂತೆ, ಪೂರ್ತಿ ಬರೆದ ಒಂದಕ್ಕಿಂತ ಹೆಚ್ಚು. ಆದರೆ ಹೊಳಿಯಮ್ಮನನ್ನು ಮೆಟ್ಟಿಲ ಮೇಲೆ ಬಿಟ್ಟು ಮುಂದೆ ಹೋಗುವುದು ಹೇಗೆ ಎಂದು ನಾನು ಕೇಳಿದರೆ ಇಬ್ಬರೂ ನಕ್ಕರು. ಬಹುಶಃ ಅದನ್ನು ಯಾರೂ ಹೇಳಿಕೊಡುವುದಿಲ್ಲ, ಮಾಡಿ ಮಾಡಿಯೇ ರೂಢಿಯಾಗಬೇಕೇನೋ. ನನಗೆ ಸರಿಯಾಗಿ ಗೊತ್ತಿಲ್ಲ. ಇಷ್ಟು ಬರೆದ ಮೇಲೂ ನೀನು ಬರಬೇಕೋ ಬರಬಾರದೋ ಎಂಬ ಮಾತಿಗೆ ನಾನು ಬಂದೇ ಇಲ್ಲ, ನೋಡು. ಹಾಳೆ ಮುಗಿಯುತ್ತಿದೆ.

ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಾಳೆಂದು ತಿಳಿ. ಮಗಳು ಒಂದು ಮುತ್ತು ಕೊಟ್ಟಿದ್ದಾಳೆ, ಅದನ್ನು ಹೇಗೆ ಬರೆಯುವುದೋ ತಿಳಿಯದು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಹನಮೇಶ

ತಾ.ಕ.: ಧಾರವಾಡ ಬಸ್ಸಿನ ಕಂಡಕ್ಟರ್ ರಾಜಾಸಾಬನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಅವನು ಸೀಟಿ ಊದುತ್ತಿದ್ದಾನೆ. ಬರುವ ಸೋಮವಾರದಿಂದ ಅವನ ಬಸ್ಸು ನನಗೆ, ಗಂಗಾವತಿ ಬಸ್ಸು ಅವನಿಗೆ. ಇಬ್ಬರೂ ಕೇಳಿಕೊಂಡೆವು, ಡಿಪೋ ಸಾಹೇಬರು ಒಪ್ಪಿದರು. ಧಾರವಾಡದಲ್ಲಿ ಒಂದು ತಾಸು ಬಿಡುವಿರುತ್ತದೆ. ನೀನು ಊರಿಗೆ ಬರಬೇಡ, ಸುಮಂಗಲಾ. ಹಾಳೆ, ಪೆನ್ನು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಾ. ನೀನು ಬರಿ, ನಾನು ಪಕ್ಕದಲ್ಲಿ ಕೂತು ಹೊತ್ತು ನೋಡುತ್ತೇನೆ. ಗಂಟೆ ಹೊಡೆಯುವವರೆಗೂ ಬಾಯಿ ಬಿಡುವುದಿಲ್ಲ.