ಬಡಿಸದೆ ಹಾಡಿದ ಹಾಡು

ಸಾಂಗ್ಲಿ,
೧೭ ಫೆಬ್ರುವರಿ ೨೦೨೫

ಚಿರಂಜೀವಿ ಈರೇಶನಿಗೆ,

ನಿನ್ನ ಸುನಂದಾ ಆಯಿಯ ಆಶೀರ್ವಾದ. ಇದನ್ನು ಮೊದಲೇ ಬರೆದುಬಿಟ್ಟೆ, ಯಾಕೆಂದರೆ ಮುಂದಿನದೆಲ್ಲ ಹೇಸಿಕೆಯ ಮಾತು. ಫೋನಿನಲ್ಲಿ ಹೇಳಿದರೆ ನೀನು ಹೂಂ ಆಯಿ, ಹೂಂ ಆಯಿ ಎನ್ನುತ್ತ ಗಿಟಾರಿನ ತಂತಿ ಬಿಗಿಯುತ್ತ ಕೂಡುತ್ತೀ. ನನ್ನ ತಮ್ಮ, ನಿನ್ನಪ್ಪ, ಜಮಖಂಡಿಯಲ್ಲಿ ನಿನ್ನನ್ನು ಕನ್ನಡ ಶಾಲೆಗೆ ಹಾಕಿದ್ದು ಇವತ್ತು ಉಪಯೋಗಕ್ಕೆ ಬಂತು. ಇಲ್ಲಿ ಮರಾಠಿ ಕಲಿಯುವ ನನ್ನ ಮೊಮ್ಮಕ್ಕಳಿಗೆ ಕಾಗದ ಬರೆದರೆ ಓದಿ ಹೇಳಲು ನನ್ನನ್ನೇ ಕರೆಯುತ್ತಾರೆ.

ದೀಪಾವಳಿಗೆ ನಿನ್ನ ‘ತಿಸರಾ ಘಾಟ’ ಬ್ಯಾಂಡಿನ ಹೊಸ ಆಲ್ಬಮ್ ಬಂದಾಗ ನಾನು ಹಿಗ್ಗಿದ್ದು ಸುಳ್ಳಲ್ಲ. ನನ್ನ ಮಗಳು ಸೋನಾಲಿಯ ಮದುವೆಯ ಊಟದಲ್ಲಿ ನಾನು ಹಾಡಿದ ಬೀಗರ ಹಾಡನ್ನು ನೀನು ಫೋನಿನಲ್ಲಿ ಹಿಡಿದುಕೊಂಡು, ಅದಕ್ಕೆ ಗಿಟಾರು, ಡ್ರಮ್ಮು ಕೂಡಿಸಿ ‘ಗೋಧಿಯ ಚೀಲ’ ಎಂದು ಹೆಸರಿಟ್ಟಿದ್ದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಓಣಿಯವರಿಗೆಲ್ಲ ಕೇಳಿಸಿದೆ.

ಮದುವೆಯಲ್ಲಿ ನನ್ನ ಎದುರು ಉಣ್ಣಲು ಕೂತವರು ಮಿರಜದ ಸುಮನಬಾಯಿ, ಸೋನಾಲಿಯ ಅತ್ತೆ. ಅವರ ಹೆಸರು ಹಿಡಿದೇ ಹಾಡಿದ್ದೆ:

ಮಿರಜದ ಬೀಗತಿ ಸುಮನವ್ವ ಬಂದಾಳ
ಹೋಳಿಗಿ ಬುಟ್ಟಿಗೆ ಕಣ್ಣ ಹಾಕಿ
ಗೋಧಿಯ ಚೀಲ ಅತ್ತಾವು, ಬ್ಯಾಳಿಯ ಡಬ್ಬಿ ಓಡ್ಯಾವು
ತುಪ್ಪದ ತಪೇಲಿ ಅಡಗೇತಿ

ಇದನ್ನು ಕೇಳಿದ ಮಂದಿ ಏನು ಬರೆದಿದ್ದಾರೆ, ನೀನು ಓದಿದ್ದೀಯೋ ಇಲ್ಲವೋ. ಸೀಮಂತದ ಕುಬಸಕ್ಕೆಂದು ಸೋನಾಲಿ ತವರಿಗೆ ಬಂದವಳು ನನ್ನ ಪಕ್ಕ ಕೂತು ಒಂದೊಂದೇ ಓದಿ ಹೇಳಿದಳು. ಒಬ್ಬನಿಗೆ ನನ್ನ ಹಾಡಿನಲ್ಲಿ ಮಣ್ಣಿನ ವಾಸನೆ ಬಂತಂತೆ. ಮಂಗಲ ಕಾರ್ಯಾಲಯದ ಫರಸಿ ಕಲ್ಲಿನ ಮೇಲೆ, ಫಿನೈಲಿನ ವಾಸನೆಯಲ್ಲಿ ಕೂತು ಹಾಡಿದ್ದು ನಾನು. ಇನ್ನೊಬ್ಬಳು ಕಲಿತವಳು, ಇದು ಶತಮಾನಗಳ ಹೆಣ್ಣಿನ ಆಕ್ರೋಶ ಎಂದು ಉದ್ದಕ್ಕೆ ಬರೆದಿದ್ದಾಳೆ. ಯಾರ ಮೇಲೆ ಆಕ್ರೋಶ, ಸುಮನಬಾಯಿಯ ಮೇಲೆ? ಗಿಟಾರು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಇಬ್ಬರು ಕಚ್ಚಾಡಿದ್ದಾರೆ. ಅದೆಲ್ಲ ಇರಲಿ, ನಕ್ಕು ಬಿಡಬಹುದು.

ಆಮೇಲೆ ಶುರುವಾಗುತ್ತದೆ ಹೊಲಸು. ಒಬ್ಬ ತನ್ನ ಅತ್ತೆಗೆ ಕಳಿಸಿದನಂತೆ, ಆಕೆ ಅತ್ತಳಂತೆ, ಕೆಳಗೆ ನಗುವ ಚಿತ್ರಗಳ ಸಾಲು. ದಪ್ಪಗಿರುವ ಹೆಣ್ಣುಮಕ್ಕಳು ಬಸ್ಸು ಹತ್ತುವುದನ್ನು, ಭೇಳಪುರಿ ತಿನ್ನುವುದನ್ನು ಕದ್ದು ಹಿಡಿದು, ಹಿಂದೆ ನನ್ನ ದನಿ ಹಾಕಿದ್ದಾರೆ. ಕೊನೆಗೆ ಯಾರೋ ಈ ಸುಮನವ್ವ ಯಾರು ಎಂದು ಕೇಳಿದರೆ, ಇನ್ಯಾರೋ ಅವರ ಬಟ್ಟೆ ಅಂಗಡಿಯ ಓಣಿ ಹೇಳಿ, ಮದುವೆಯ ಫೋಟೋದಿಂದ ಅವರ ಮುಖ ಕತ್ತರಿಸಿ ಹಾಕಿದ್ದಾರೆ. ಬಾಯಿ ತೆರೆದು, ತುತ್ತು ಎತ್ತಿದ ಹೊತ್ತಿನ ಫೋಟೋ. ಓದುತ್ತ ಓದುತ್ತ ಸೋನಾಲಿಯ ದನಿ ಸಣ್ಣಗಾಯಿತು. ನನ್ನ ಗಂಟಲಿನಿಂದ ಹೊರಟ ಹಾಡಿಗೆ ನೊಣ ಮುತ್ತಿದ್ದನ್ನು ಈ ಕಣ್ಣಿನಿಂದ ನೋಡಬೇಕಾಯಿತು.

ನಾನೂ ಸುಮ್ಮನೆ ಕೂಡಲಿಲ್ಲ. ಈ ಹಾಡು ನಾನು ಹಾಡಿದ್ದು, ಇದು ಅರ್ಧ ಮಾತ್ರ, ಆ ತಾಯಿಯನ್ನು ಬಿಟ್ಟುಬಿಡಿ ಎಂದು ಸೋನಾಲಿಯ ಕೈಯಿಂದ ಬರೆಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: “ಸುಮ್ಮ ಕುಂದರ್ರಿ ಆಂಟಿ. ನಿಮಗೇನ ಗೊತ್ತೈತಿ ಜಾನಪದ?”

ಈಗ ನಿನಗೆ ಗೊತ್ತಿರದ ಸಂಗತಿ ಹೇಳುತ್ತೇನೆ. ಅವತ್ತು ನೀನು ಫೋನನ್ನು ಉಪ್ಪಿನಕಾಯಿ ಬಟ್ಟಲಿಗೆ ಒರಗಿಸಿಟ್ಟು, ನಿನ್ನ ಬ್ಯಾಂಡಿನ ಅಮಿತನ ಜೊತೆ ಡ್ರಮ್ಮು ಇಳಿಸಲು ಹೋದೆ. ದನಿ ಹಿಡಿದೆ, ಕೈ ನೋಡಲಿಲ್ಲ. ಬೀಗತಿಯನ್ನು ಬೈದು ಹಾಡುವವಳು ಕೈ ಕಟ್ಟಿಕೊಂಡು ಹಾಡುವಂತಿಲ್ಲ. ಒಂದು ನುಡಿ ಹಾಡಿದರೆ ಒಂದು ಹೋಳಿಗೆಯನ್ನು ತಾನೇ ಬಾಗಿ ಅವರ ಎಲೆಗೆ ಹಾಕಬೇಕು, ಮೇಲೆ ತುಪ್ಪ ಬಿಡಬೇಕು. ಹೊಟ್ಟೆಬಾಕಿ ಎಂದು ಹಾಡುವುದೇ ಆಕೆ ನಾಚಿಕೆ ಬಿಟ್ಟು ಇನ್ನೊಂದು ಉಣ್ಣಲಿ ಎಂದು. ಹೊಸ ಮನೆಯ ಪಂಕ್ತಿಯಲ್ಲಿ ಯಾವ ಬೀಗತಿಯೂ ಕೇಳಿ ಹಾಕಿಸಿಕೊಳ್ಳುವುದಿಲ್ಲವಲ್ಲ. ಉಂಡು ಮುಗಿಸಿ ಆಕೆ ತಿರುಗಿ ಹಾಡಬೇಕು. ಸುಮನಬಾಯಿ ಏನು ಹಾಡಿದರು, ನೆನಪಿದೆಯೇ?

ಸಾಂಗ್ಲಿಯ ಬೀಗತಿ ಸುನಂದವ್ವ ಬಡಸ್ಯಾಳ
ಹೋಳಿಗ್ಯಾಗ ಹಾದು ಸೂರ್ಯ ಕಂಡ
ತುಪ್ಪದ ಚಮಚ ತೋರಿಸಿ ಹೊಳ್ಳಿ ಒಳಗ ಒಯ್ದಾಳ
ವಾಸನಿಗೇ ಉಣ್ಣು ಅಂದಾಳ

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ನನ್ನ ಜಿಪುಣತನ ಬಲ್ಲ ನಮ್ಮ ಮನೆಯವರು, ನಿನ್ನ ಮಾಮಾ ಬಸಲಿಂಗಪ್ಪ, ಎಲೆಯ ಮುಂದೆಯೇ ಕೆಮ್ಮಿ ನೀರು ಕುಡಿದರು. ಈ ನುಡಿ ನಿನ್ನ ಆಲ್ಬಮ್ಮಿನಲ್ಲಿ ಇಲ್ಲ. ಯಾಕೆ ಎಂದು ಫೋನಿನಲ್ಲಿ ಕೇಳಿದೆ. ಹಾಡುವಾಗ ಅವರಿಗೆ ನಗು ತಡೆಯಲಿಲ್ಲ, ತಾಳ ತಪ್ಪಿತು, ಅದಕ್ಕೆ ಅಮಿತ ಕತ್ತರಿಸಿದ ಎಂದೆ ನೀನು. ಅವರು ನಕ್ಕಿದ್ದನ್ನು ಕತ್ತರಿಸಿ, ಬೈಸಿಕೊಂಡದ್ದನ್ನು ಉಳಿಸಿದಿರಿ. ಭಲೆ.

ಆಮೇಲೆ ಮಾಲಗಾಂವದಲ್ಲಿ ಸುಮನಬಾಯಿಯ ತಂಗಿಯ ಮಗನ ಮದುವೆ. ನಮ್ಮ ಅಳಿಯ ಕಿಶೋರ ಕಣ್ಣಿನಿಂದ ಕಂಡು ನನಗೆ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವನ ತಾಯಿ ಪಂಕ್ತಿಯಲ್ಲಿ ಕೂತು ಮೊದಲ ತುತ್ತು ಎತ್ತಿದ್ದರಂತೆ. ಡಿಜೆಯವನು ನಿನ್ನ ಹಾಡು ಹಚ್ಚಿದ. ನಾಲ್ಕೂ ಕಡೆ ಫೋನು ಎದ್ದವು. ಬಡಿಸುವವನೊಬ್ಬ ಹೋಳಿಗೆಯ ಹೊರೆಯನ್ನೇ ಅವರ ಎಲೆಗೆ ಸುರುವಿ, “ತಿನ್ರಿ ಆಜಿ, ತಪೇಲಿ ಸಿಕ್ಕೇತಿ” ಎಂದನಂತೆ. ಅನ್ನ ಬಡಿಸುವ ಕೈಯಿಂದ ಅನ್ನವನ್ನೇ ಹೇಸಿಗೆ ಮಾಡಿದ. ಸುಮನಬಾಯಿ ತುತ್ತು ಕೆಳಗಿಟ್ಟು, ಎಲೆ ಮಡಚಿ, ಎದ್ದು ಹೋದರು. ಅದನ್ನೂ ಯಾರೋ ಹಿಡಿದು ಹಾಕಿದ್ದಾರೆ. ಅದಕ್ಕೆ ಬಿದ್ದ ಮೆಚ್ಚುಗೆ ನಿನ್ನ ಹಾಡಿಗೂ ಬಿದ್ದಿಲ್ಲ.

ಅಂದಿನಿಂದ ಅವರು ಮಂದಿಯ ಎದುರು ಬಾಯಿಗೆ ಏನೂ ಹಾಕುವುದಿಲ್ಲ. ಮನೆಯಲ್ಲೂ ಎಲ್ಲರೂ ಉಂಡ ಮೇಲೆ ಒಳಗೆ ನಿಂತೇ ಎರಡು ತುತ್ತು. ಸೋನಾಲಿಯ ಕುಬಸಕ್ಕೆ ಸೀರೆ, ಬಳೆ, ಹಣ್ಣು ಎಲ್ಲ ಕಳಿಸುತ್ತೇನೆ, ನಾನು ಬರುವುದಿಲ್ಲ ಎಂದರು. ಚೊಚ್ಚಲ ಬಸುರಿಯ ಉಡಿ ತುಂಬಲು ಅತ್ತೆಯೇ ಬರದಿದ್ದರೆ ಮಂದಿ ಏನು ಆಡಿಕೊಳ್ಳುತ್ತಾರೆ, ಬಿಡು. ಹುಡುಗಿ ಮಾತ್ರ ನನ್ನ ಮುಖ ನೋಡುವುದನ್ನೇ ಬಿಟ್ಟಳು. ಗಂಡನ ಮನೆಯಲ್ಲಿ ಆಕೆ ಇನ್ನು ಯಾವ ಮುಖದಿಂದ ಅತ್ತೆಗೆ ಊಟಕ್ಕೆ ಏಳಿ ಎನ್ನಬೇಕು?

ಬಸ್ಸು ಹಿಡಿದು ಮಿರಜಕ್ಕೆ ಹೋದೆ. ಸುಮನಬಾಯಿ ಚಾ ಕೊಟ್ಟರು, ತಾವು ಕುಡಿಯಲಿಲ್ಲ. ನಾನು ಕೈ ಹಿಡಿದುಕೊಂಡೆ. ಬೈಯಲಿ, ಹೊರಗೆ ಹಾಕಲಿ ಎಂದು ಕಾದೆ. ಅವರು ಮೆಲ್ಲಗೆ ಹೇಳಿದರು: “ನೀವು ಹಾಡಿದ್ದಕ್ಕ ನನಗ ಸಿಟ್ಟಿಲ್ರಿ ಬೀಗತಿ. ನೀವು ಬಡಿಸಿ ಹಾಡೀರಿ, ನಾನು ಉಂಡು ಹಾಡೇನಿ. ಆದ್ರ ಈಗ ತುತ್ತು ಎತ್ತಿದೆ ಅಂದ್ರ ಸಾಕು, ಯಾರೋ ಎಣಸಾಕತ್ತಾರ ಅನಸ್ತೈತಿ.”

ನನ್ನ ಚಾದ ಕಪ್ಪನ್ನೂ ಕೆಳಗಿಟ್ಟೆ.

ಸೋನಾಲಿಯ ಸಲುವಾಗಿ ಕೊನೆಗೆ ಮೊನ್ನೆ ಬಂದರು. ಉಡಿ ತುಂಬಿದರು, ಬಳೆ ಇಡಿಸಿದರು, ಹುಡುಗಿಯ ತಲೆ ನೇವರಿಸಿ ನಕ್ಕರು. ಎಲೆ ಹಾಕಿದಾಗ ಸೆರಗು ಸಿಕ್ಕಿಸಿಕೊಂಡು ತಾವೇ ಬಡಿಸಲು ನಿಂತರು. ಒಬ್ಬ ಬೀಗತಿ ನಮ್ಮ ಮನೆಯಲ್ಲಿ ಬಡಿಸುವುದೇ? ಎಷ್ಟು ಕರೆದರೂ ಕೂಡಲಿಲ್ಲ. ಪಂಕ್ತಿಯಲ್ಲಿ ಅವರ ಎಲೆ ಖಾಲಿಯೇ ಉಳಿಯಿತು. ಹಾಡು ಹೇಳಿರಿ ಎಂದು ಯಾರೋ ನನಗೆ ಅಂದರು. ನಾನು ನೀರಿನ ತಂಬಿಗೆ ಎತ್ತಿಕೊಂಡು ಒಳಗೆ ಹೋದೆ.

ನೀನು ಫೋನಿನಲ್ಲಿ ಏನೆಂದೆ, ಹೇಳಲೇ? “ಆಯಿ, ಹಾಡಿನ್ಯಾಗಿನ ಸುಮನವ್ವ ಬ್ಯಾರೆ, ಖರೇ ಸುಮನವ್ವ ಬ್ಯಾರೆ. ಕೇಳೋ ಮಂದಿ ಹೊಲಸ ಇದ್ರ ನಾವೇನ ಮಾಡೂಣು? ಅದನ್ನ ತೆಗದ್ರ ಆಲ್ಬಮ್ಮಿನ್ಯಾಗ ಏನೂ ಉಳಿಯೂದಿಲ್ಲ.” ಬೇರೆ ಬೇರೆ ಆಗಿದ್ದರೆ ಮಾಲಗಾಂವದಲ್ಲಿ ಎದ್ದು ಹೋದವರು ಯಾರಪ್ಪ? ಮಂದಿ ಹೊಲಸು, ಒಪ್ಪಿದೆ. ಆ ಹೊಲಸಿಗೆ ಎಲೆ ಹಾಕಿ ಕೂಡಿಸಿದವನು ನೀನು. ಅದೊಂದು ಹಾಡು ತೆಗೆದರೆ ಏನೂ ಉಳಿಯದ ಆಲ್ಬಮ್ಮಾದರೆ, ಅದರಲ್ಲಿ ನಿನ್ನದು ಏನಿತ್ತು ಎಂದು ಒಮ್ಮೆ ಯೋಚಿಸು. ಇದು ಚುಚ್ಚಲಿ ಎಂದೇ ಬರೆದದ್ದು.

ಆ ಹಾಡು ತೆಗೆ. ಸುಮನಬಾಯಿಯ ನುಡಿಯನ್ನು ಈಗ ಸೇರಿಸುತ್ತೇನೆ ಎನ್ನಬೇಡ. ಅವರ ನಗುವನ್ನೂ ಆ ಮಂದಿಯ ಬಾಯಿಗೆ ಹಾಕಲು ನನಗೆ ಮನಸ್ಸಿಲ್ಲ. ಮುಂದಿನ ಆಲ್ಬಮ್ಮಿಗೆ ನೀನು ನನ್ನ ಬೀಸುವ ಹಾಡು ಕೇಳಿದ್ದೆ, ಸಾಂಗ್ಲಿಯ ಕಾರ್ಯಕ್ರಮದಲ್ಲಿ ವೇದಿಕೆಗೆ ಬಾ ಎಂದಿದ್ದೆ. ಎರಡೂ ಇಲ್ಲ. ನೀನು ಬಂದರೆ ನಮ್ಮ ಮನೆಯಲ್ಲಿ ಊಟವಿದೆ, ಹಾಸಿಗೆಯಿದೆ. ನನ್ನ ದನಿ ಇಲ್ಲ. ಬರುವುದಾದರೆ ಮೊದಲು ಮಿರಜದಲ್ಲಿ ಇಳಿದು, ಸುಮನಬಾಯಿಯ ಕಾಲು ಮುಟ್ಟಿ ಬಾ.

ನಿನ್ನ ಮೇಲೆ ಮಾಯೆ ಇದೆ. ಇಲ್ಲದಿದ್ದರೆ ಇಷ್ಟುದ್ದ ಯಾರು ಬರೆಯುತ್ತಿದ್ದರು?

ನಿನ್ನ
ಸುನಂದಾ ಆಯಿ

ತಾ.ಕ.: ಒಂದು ಮಾತು ಮೇಲೆ ಬರೆಯಲಿಲ್ಲ. ಕುಬಸದ ದಿನ ಮಂದಿಯೆಲ್ಲ ಹೋದ ಮೇಲೆ, ಮಧ್ಯಾಹ್ನ, ಅಡುಗೆಮನೆಯ ಬಾಗಿಲು ಹಾಕಿ ನಾವಿಬ್ಬರೇ ಕೂತೆವು. ನಾನು ಬಡಿಸಿದೆ, ಒಂದು ನುಡಿಯನ್ನೂ ಹಾಡಲಿಲ್ಲ. ಸುಮನಬಾಯಿ ಉಂಡರು. ಎಷ್ಟು ಉಂಡರು ಎಂದು ನಿನಗೆ ಹೇಳುವುದಿಲ್ಲ.