ಮಟಕಿ ಸಭೆಯ ಸೇವಕಿ

ಮಟಕಿ, ಮಂಗಳವಾರ

ಪೂಜ್ಯ ಶಾಂತಕುಮಾರ ಪಾಸ್ಟರ್ ಅವರಿಗೆ ವಂದನೆಗಳು.

“ದೇವರು ನಿನ್ನ ಕರದಾನವ್ವಾ” ಎಂದು ನೀವು ಹೇಳಿದ್ದಕ್ಕೇ ಅಂಗನವಾಡಿ ಕೆಲಸ ಬಿಟ್ಟು ಹನ್ನೆರಡು ವರ್ಷ ಈ ಸಭೆ ನಡೆಸಿದೆ. ಮೊನ್ನೆ ಭಾನುವಾರ ಆಳಂದದಿಂದ ನಿಮ್ಮ ಅಳಿಯನನ್ನು ಕರೆತಂದು ಹೊಸ ಪಾಸ್ಟರ್ ಎಂದು ಪೀಠದ ಮುಂದೆ ನಿಲ್ಲಿಸಿ, “ಹೆಣ್ಣಮಕ್ಕಳಿಗೆ ಸಭಾ ನಡಸೋ ಕರೆ ಇರಂಗಿಲ್ರಿ” ಎಂದು ಎಲ್ಲರಿಗೂ ಹೇಳಿದಿರಿ. ನನ್ನ ಮುಖ ಮಾತ್ರ ನೋಡಲಿಲ್ಲ.

ಪ್ರಾರ್ಥನಾ ಮಂದಿರದ ಬೀಗದ ಕೈ ಈ ಪತ್ರದ ಜೊತೆಗಿದೆ. ನನ್ನ ಅವ್ವನ ಬೈಬಲ್ ಒಳಗೇ ಉಳಿದಿದೆ, ದಯವಿಟ್ಟು ಕಳಿಸಿಕೊಡಿ.

ಹಾಸಿಗೆ ಹಿಡಿದಿರುವ ನಿಂಬೆವ್ವ ನಿನ್ನೆ ಹೇಳಿಕಳಿಸಿದ್ದಳು. ಅವಳ ಮನೆಗೆ ಹೋಗಿ, ಹೊಸ ಪಾಸ್ಟರನ್ನು ಕರೆಸಿಕೋ ಎಂದೆ.

“ಅವ್ರಿಗೆ ನನ್ನ ಹೆಸರೂ ಗೊತ್ತಿಲ್ಲ. ನೀನೇ ಪ್ರಾರ್ಥನಾ ಮಾಡಬೇ” ಎಂದಳು.

ಮಾಡಿದೆ. ಗುರುವಾರ ಮತ್ತೆ ಹೋಗುತ್ತೇನೆ. ನಿಮ್ಮ ಅಪ್ಪಣೆ ಕೇಳುತ್ತಿಲ್ಲ.

ಕರ್ತನ ಸೇವೆಯಲ್ಲಿರುವ,
ಜಯಮಾಲಾ